ಲೂಪಸ್ ಮತ್ತು ಮೂತ್ರದ ಪ್ರೋಟೀನ್: ಅನುಪಾತ ಗ್ರಾಂ ಆಗುವುದು ಹೇಗೆ?

ಲೂಪಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಕಿಡ್ನಿಗೆ ಇಳಿದಾಗ ರೋಗಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ. ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಕಿಡ್ನಿ ಹೊರಹಾಕುವ ತ್ಯಾಜ್ಯ) ಕೂಡ ಎಷ್ಟೋ ಕಾಲ ಮಾಮೂಲಾಗೇ ಇರಬಹುದು. ಆದ್ದರಿಂದಲೇ ಪ್ರತಿ ಭೇಟಿಯಲ್ಲೂ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು. ದಿನಕ್ಕೆ 0.5 ಗ್ರಾಂ ಎಂಬ ಗಡಿ ಬಾಯಿಪಾಠವಾಗಿರಲಿ. ಬೇರೆ ಕಾರಣವಿಲ್ಲದೆ ಪ್ರೋಟೀನ್ ಅದನ್ನು ದಾಟಿದರೆ ಬಯಾಪ್ಸಿಯ (ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವ) ಮಾತು ಬರುತ್ತದೆ. ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಘಗಳು (ಯೂಲಾರ್/ಎಸಿಆರ್) 2019ರಲ್ಲಿ ಮಾಡಿದ, ಅಂಕ ಕೂಡಿಸಿ ಲೂಪಸ್ ಗುರುತಿಸುವ ವರ್ಗೀಕರಣದಲ್ಲೂ ಇದಕ್ಕೆ 4 ಅಂಕ.

ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಿಸಿ 1+, 2+ ಎಂದು ಪ್ಲಸ್ ಲೆಕ್ಕದಲ್ಲಿ ಹೇಳುವ ಪಟ್ಟಿ) ತೋರಿಸುವುದು ಸಾಂದ್ರತೆ ಮಾತ್ರ, ಅದೂ ಮುಖ್ಯವಾಗಿ ಆಲ್ಬುಮಿನ್ ಎಂಬ ಒಂದು ಪ್ರೋಟೀನಿನದು. ಜರಡಿ ಹಿಡಿಯಲು ಸಾಕು, ಅಳೆಯಲು ಸಾಲದು.

ಈಗ ನನ್ನ ತಲೆ ತಿಂದ ಭಾಗ: ಪ್ರೋಟೀನ್/ಕ್ರಿಯಾಟಿನಿನ್ ಅನುಪಾತ, ಅಂದರೆ ಯುಪಿಸಿಆರ್. ಒಂದು ಹೊತ್ತಿನ ಮೂತ್ರ ಇಡೀ ದಿನದ ಲೆಕ್ಕ ಹೇಗೆ ಹೇಳುತ್ತದೆ?

ಎರಡು ಹೆಜ್ಜೆ ಇವೆ. ಮೊದಲನೆಯದು, ನೀರಿನ ಪ್ರಭಾವ ಕಳೆಯುವುದು. ಬೆಳಗಿನ ಗಟ್ಟಿ ಮೂತ್ರದಲ್ಲಿ ಡೆಸಿಲೀಟರಿಗೆ ಪ್ರೋಟೀನ್ 200 ಮಿಗ್ರಾಂ, ಕ್ರಿಯಾಟಿನಿನ್ 200 ಎಂದುಕೊಳ್ಳಿ. ಅದೇ ವ್ಯಕ್ತಿ ತುಂಬಾ ನೀರು ಕುಡಿದ ಮೇಲೆ 50 ಮತ್ತು 50. ಡಿಪ್‌ಸ್ಟಿಕ್ ಪ್ಲಸ್ ಇಳಿಯುತ್ತದೆ, ಅನುಪಾತ ಎರಡೂ ಸಲ 1.

ಎರಡನೆಯದು ಪುಸ್ತಕಗಳು ಹಾರಿಸಿಬಿಡುವ ಹೆಜ್ಜೆ. ಅನುಪಾತ 1 ಎಂದರೆ ಒಂದು ಗ್ರಾಂ ಕ್ರಿಯಾಟಿನಿನ್ ಹೊರಹೋಗುವಾಗ ಜೊತೆಗೆ ಒಂದು ಗ್ರಾಂ ಪ್ರೋಟೀನ್ ಹೋಗುತ್ತಿದೆ ಎಂದಷ್ಟೇ. ವಯಸ್ಕರು ದಿನಕ್ಕೆ ಹೆಚ್ಚೂಕಡಿಮೆ ಒಂದು ಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತಾರೆ ಎಂದು ಹಿಡಿದಾಗ ಮಾತ್ರ ಅದು ‘ದಿನಕ್ಕೆ 1 ಗ್ರಾಂ ಪ್ರೋಟೀನ್’ ಆಗುತ್ತದೆ. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ; ಹಾಗಾಗಿ ಛೇದದಲ್ಲಿ ಅಡಗಿರುವುದು ಸ್ನಾಯು.

ಆ ಊಹೆ ಸಡಿಲವಾದರೆ ಲೆಕ್ಕವೂ ಜಾರುತ್ತದೆ. ಸಣ್ಣ ಮೈಕಟ್ಟಿನವರ ದಿನದ ಕ್ರಿಯಾಟಿನಿನ್ 0.6 ಗ್ರಾಂ, ಪ್ರೋಟೀನ್ ನಿಜಕ್ಕೂ 0.4 ಗ್ರಾಂ ಇದ್ದರೆ ಅನುಪಾತ 0.67: ಗಡಿ ದಾಟಿದಂತೆ ಕಾಣುತ್ತದೆ. ಕಟ್ಟುಮಸ್ತಾದವರಲ್ಲಿ ಕ್ರಿಯಾಟಿನಿನ್ 1.8, ಪ್ರೋಟೀನ್ 0.7 ಇದ್ದರೆ ಅನುಪಾತ 0.39: ಗಡಿಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಲೂಪಸ್‌ನಲ್ಲಿ ಇನ್ನೊಂದು ತೊಡಕಿದೆ. ದೀರ್ಘಕಾಲದ ಸ್ಟೀರಾಯ್ಡ್‌ನಿಂದ ಸ್ನಾಯು ಕರಗಿದರೆ, ಸೋರಿಕೆ ಅಷ್ಟೇ ಇದ್ದರೂ ಅನುಪಾತ ಏರಬಹುದು.

ಅದಕ್ಕೇ ಗಡಿಯ ಆಸುಪಾಸಿನ ಅಂಕಿ ಬಂದಾಗ, ದೊಡ್ಡ ತೀರ್ಮಾನಕ್ಕೆ ಮುಂಚೆ, 24 ಗಂಟೆಯ ಸಂಗ್ರಹ ಕೇಳುತ್ತಾರೆ. ಅದರಲ್ಲೂ ಒಂದು ಹೊತ್ತಿನದು ತಪ್ಪಿಹೋಗುವುದು ಮಾಮೂಲಿ. ನನ್ನ ನೆಚ್ಚಿನ ಉಪಾಯ: ಕ್ಯಾನಿನ ಒಟ್ಟು ಕ್ರಿಯಾಟಿನಿನ್ ನೋಡಿ. ಹೆಂಗಸರಲ್ಲಿ ಕಿಲೋಗೆ 15–20 ಮಿಗ್ರಾಂ, ಗಂಡಸರಲ್ಲಿ 20–25 ಇರಬೇಕು. 50 ಕಿಲೋ ತೂಕದ ಯುವತಿಯ ಕ್ಯಾನಿನಲ್ಲಿ 400 ಮಿಗ್ರಾಂ ಮಾತ್ರ ಸಿಕ್ಕರೆ ಸಂಗ್ರಹ ಅರ್ಧಂಬರ್ಧ ಆಗಿರುವ ಸಾಧ್ಯತೆಯೇ ಹೆಚ್ಚು. ಆದರೂ ಚೆಲ್ಲಬೇಡಿ, ಅದೇ ಕ್ಯಾನಿನ ಅನುಪಾತ ಒಂದು ಹೊತ್ತಿನದಕ್ಕಿಂತ ನಂಬಿಕಸ್ತ.

ಜ್ವರ, ಮೂತ್ರದ ಸೋಂಕು, ಮುಟ್ಟು, ಕಠಿಣ ವ್ಯಾಯಾಮ ಇದ್ದ ದಿನದ ಅಂಕಿ ಬದಿಗಿಟ್ಟು ಮತ್ತೆ ಮಾಡಿಸುವುದು. ಜೊತೆಗೆ ಸೆಡಿಮೆಂಟ್‌ನಲ್ಲಿ (ಮೂತ್ರದ ಗಸಿಯಲ್ಲಿ) ಕೆಂಪು ರಕ್ತಕಣದ ಕಾಸ್ಟ್ (ಕಿಡ್ನಿಯ ನಳಿಕೆಯಲ್ಲಿ ಅಚ್ಚುಗಟ್ಟಿದ ತುಣುಕು), ರಕ್ತದಲ್ಲಿ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು, ಡಿಎನ್‌ಎ ವಿರುದ್ಧದ ಪ್ರತಿಕಾಯವಾದ ಆ್ಯಂಟಿ-ಡಿಎಸ್‌ಡಿಎನ್‌ಎ ನೋಡುವುದು.

ಚಿಕಿತ್ಸೆಯ ಗುರಿ ಯೂಲಾರ್ ಪ್ರಕಾರ: ಪ್ರೋಟೀನ್ 3 ತಿಂಗಳಿಗೆ ಕನಿಷ್ಠ 25%, 6 ತಿಂಗಳಿಗೆ 50% ಇಳಿಕೆ, 12 ತಿಂಗಳಿಗೆ ಅನುಪಾತ 0.5–0.7ಕ್ಕಿಂತ ಕೆಳಗೆ. ನೆಫ್ರೋಟಿಕ್ ಮಟ್ಟದಲ್ಲಿ (ಬಹಳ ಭಾರೀ ಪ್ರೋಟೀನ್ ಸೋರಿಕೆಯೊಂದಿಗೆ) ಶುರುವಾದವರಿಗೆ ಇನ್ನೂ 6–12 ತಿಂಗಳು ಹೆಚ್ಚಿಗೆ. ಅಷ್ಟಾದರೂ ಉಳಿಯುವ ಪ್ರೋಟೀನ್ ಉರಿಯೂತದಲ್ಲಿರುವ ಗ್ಲೊಮೆರುಲಸ್‌ನದೋ (ಕಿಡ್ನಿಯ ಸೋಸುವ ಗಂಟು), ಕಲೆಗಟ್ಟಿದ್ದರದೋ ಎಂದು ಅನುಪಾತ ಹೇಳಲಾರದು. ಮೊದಲನೆಯದಾದರೆ ಔಷಧ ಬಿಗಿ ಮಾಡಬೇಕು, ಎರಡನೆಯದಕ್ಕೆ ಅದು ಬರೀ ಅಡ್ಡಪರಿಣಾಮ. ಮರು ಬಯಾಪ್ಸಿ ಬೇಕಾಗುವುದು ಇಲ್ಲೇ.