ಮಳೆ ಸುರಿಯುವಾಗ ಟ್ಯಾಂಕರ್ ಯಾಕೆ?

ಕೆಲವು ವರ್ಷಗಳ ಹಿಂದಿನ ಮಾತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಸಿನಿಮಾ ಶೂಟಿಂಗ್ ನಡೆಯುತ್ತಿತ್ತು. ಜುಲೈ ತಿಂಗಳು, ಬೆಳಗಿನಿಂದ ಜಿಟಿಜಿಟಿ ಮಳೆ. ಆದರೂ ರಸ್ತೆ ಬದಿಯಲ್ಲಿ ಎರಡು ನೀರಿನ ಟ್ಯಾಂಕರ್ ನಿಂತಿದ್ದವು. ಎತ್ತರದ ಕಂಬಕ್ಕೆ ಪೈಪ್ ಕಟ್ಟಿ, ತುದಿಗೆ ಬಚ್ಚಲುಮನೆಯ ಷವರ್ ತರಹದ್ದೊಂದು ಸಿಕ್ಕಿಸಿದ್ದರು. 'ಸ್ಟಾರ್ಟ್' ಅಂದ ಕೂಡಲೇ ಪಂಪು ಗುರ್ ಅನ್ನುತ್ತಿತ್ತು, ನಿಜವಾದ ಮಳೆಯ ಮೇಲೆ ಇನ್ನೊಂದು ಮಳೆ ಸುರಿಯುತ್ತಿತ್ತು. ನನ್ನ ಪಕ್ಕದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದ ಅಜ್ಜ ಒಬ್ಬರು, "ಆಕಾಶದಿಂದ ಬೀಳ್ತಿರೋದು ಇವರಿಗೆ ಸಾಕಾಗ್ಲಿಲ್ವಾ?" ಅಂತ ಕೇಳಿದರು. ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಬಾಗಿಲಲ್ಲಿ ನಿಂತು ಮಳೆಯನ್ನು ಬಾಡಿಗೆಗೆ ತರಿಸುವುದು ಯಾಕೆ ಅನ್ನೋದು ನನ್ನ ತಲೆಯಲ್ಲಿ ಹಾಗೇ ಉಳಿಯಿತು.

ಆಮೇಲೆ ಒಮ್ಮೆ ಅಕ್ಕ, ಭಾವ, ಅವರ ಮಗಳ ಜೊತೆ ಹೈದರಾಬಾದಿಗೆ ಹೋದಾಗ ರಾಮೋಜಿ ಫಿಲ್ಮ್ ಸಿಟಿಗೆ ಒಂದು ದಿನ ಇಟ್ಟುಕೊಂಡೆವು. 1996ರಲ್ಲಿ ಶುರುವಾದ ಜಾಗ, ಜಗತ್ತಿನ ಅತಿ ದೊಡ್ಡ ಸ್ಟುಡಿಯೊ ಸಮುಚ್ಚಯ ಅಂತ ಗಿನ್ನೆಸ್ ದಾಖಲೆ ಇದೆ. ನಡೆದು ನೋಡಿ ಮುಗಿಸೋಕೆ ಆಗಲ್ಲ, ಅವರದೇ ಬಸ್ಸಿನಲ್ಲಿ ಸುತ್ತಿಸುತ್ತಾರೆ. ಬೀದಿ, ಬಂಗಲೆ, ದೇವಸ್ಥಾನ, ರೈಲು ನಿಲ್ದಾಣ, ಎಲ್ಲ ಇದೆ. ಮುಂದಿನಿಂದ ಅರಮನೆಯ ಹಾಗೆ ಕಂಡ ಗೋಡೆಯ ಹಿಂದೆ ಹೋದರೆ ಬರೀ ಕಬ್ಬಿಣದ ಪೈಪು, ಪ್ಲೈವುಡ್. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ನಮ್ಮ ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ನಿಜವಾದ ರೈಲು ನಿಲ್ದಾಣವೇ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಕಥೆಯ ನಿಲ್ದಾಣವಾಗಿತ್ತು, ಈಗ ಅಲ್ಲೊಂದು ಮಾಲ್ಗುಡಿ ಮ್ಯೂಸಿಯಂ ಕೂಡ ಇದೆ. ಇಲ್ಲಿ ಅದರ ಉಲ್ಟಾ. ರೈಲು ಎಲ್ಲಿಗೂ ಹೋಗಲ್ಲ, ಊರೇ ಬದಲಾಗುತ್ತೆ.

ನನಗೆ ಬೇಕಾಗಿದ್ದು ಮಳೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ವಿವರಿಸುತ್ತಿದ್ದ ಗೈಡ್ ಹುಡುಗನ ಹತ್ತಿರ ಹೋಗಿ ನಮ್ಮೂರಿನ ಟ್ಯಾಂಕರ್ ಕಥೆ ಹೇಳಿದೆ. ಅವನು ಒಂದೇ ಮಾತು ಹೇಳಿದ: "ಮೇಡಂ, ನೀರಲ್ಲ, ಲೈಟು."

ಆ ಒಂದು ಮಾತನ್ನು ಹಿಡಿದುಕೊಂಡು ಊರಿಗೆ ಬಂದ ಮೇಲೆ ಲೆಕ್ಕ ಹಾಕುತ್ತಾ ಕೂತೆ. ಸಿನಿಮಾ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ ತೆಗೆಯುತ್ತೆ. ಒಂದೊಂದು ಚಿತ್ರಕ್ಕೂ ಬೆಳಕು ಒಳಗೆ ಹೋಗುವ ಸಮಯ ಸುಮಾರು 48ನೇ ಒಂದು ಸೆಕೆಂಡ್. ತುಂಬಾ ಕಮ್ಮಿ ಅನ್ನಿಸುತ್ತೆ ಅಲ್ವಾ? ಆದರೆ 2 ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತೆ. ಅಷ್ಟು ಹೊತ್ತಿನಲ್ಲಿ ಅದು 13 ಸೆಂಟಿಮೀಟರ್ ಕೆಳಗೆ ಬಂದಿರುತ್ತೆ. ಅಂದರೆ ಕ್ಯಾಮೆರಾಗೆ ಸಿಗುವುದು ಹನಿಯಲ್ಲ, ಅರ್ಧ ಗೇಣಿಗಿಂತ ಸ್ವಲ್ಪ ಉದ್ದದ ಗೀರು. ಸಾಸಿವೆ ಕಾಳಿನಷ್ಟು ನೀರಿನ ಬೆಳಕನ್ನು ಅಷ್ಟುದ್ದಕ್ಕೆ ಎಳೆದು ಹಚ್ಚಿದ ಹಾಗೆ. ಹನಿಯ ಬೆಳಕು ಒಂದೊಂದು ಜಾಗಕ್ಕೂ ಹೆಚ್ಚುಕಮ್ಮಿ 65ನೇ ಒಂದು ಪಾಲು ಮಾತ್ರ ಸಿಗುತ್ತೆ. ತೆಳುವಾದ ಪಾಯಸಕ್ಕೆ ಇನ್ನೂ ನೀರು ಹಾಕಿದರೆ ಏನು ಉಳಿಯುತ್ತೆ? ಆ ಗೀರು ಹಿಂದಿನ ಮರ, ಮೋಡದ ಬಣ್ಣದಲ್ಲಿ ಕರಗಿ ಹೋಗುತ್ತೆ.

ಇನ್ನೊಂದು ತೊಂದರೆ ಇದೆ, ಅದು ಇದಕ್ಕಿಂತ ದೊಡ್ಡದು. ನೀರು ಪಾರದರ್ಶಕ. ಮುಂದಿನಿಂದ ಲೈಟ್ ಬಿಟ್ಟರೆ ಹನಿಯ ಮೈಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪವೇ ಸ್ವಲ್ಪ ವಾಪಸ್ ಬರುತ್ತೆ, ಮಿಕ್ಕಿದ್ದೆಲ್ಲ ಹನಿಯೊಳಗೆ ನುಗ್ಗಿ, ಬಾಗಿ, ಆಚೆ ಕಡೆ ಹೋಗಿಬಿಡುತ್ತೆ. ಹನಿ ಒಂದು ಪುಟ್ಟ ಮಸೂರ. ಹಾಗಾಗಿ ಆಚೆ ಕಡೆ ನಿಂತವರಿಗೆ ಅದು ಮಿನುಗುತ್ತೆ, ಈಚೆ ಕಡೆ ನಿಂತವರಿಗೆ ಇಲ್ಲ. ಅದಕ್ಕೇ ಸಿನಿಮಾದವರು ದೊಡ್ಡ ಲೈಟನ್ನು ಮಳೆಯ ಹಿಂದೆ, ಎತ್ತರದಲ್ಲಿ, ಕ್ಯಾಮೆರಾದ ಕಡೆಗೆ ಮುಖ ಮಾಡಿ ಇಡುತ್ತಾರೆ. ಬ್ಯಾಕ್‌ಲೈಟ್ ಅಂತಾರೆ. ಹಿನ್ನೆಲೆ ಕತ್ತಲಾಗಿರಬೇಕು, ಹನಿ ದಪ್ಪವಾಗಿರಬೇಕು. ಆಕಾಶದ ಜಿಟಿಜಿಟಿ ಮಳೆಗೆ ಈ ಯಾವ ಗುಣವೂ ಇಲ್ಲ. ಮೋಡ ಮುಚ್ಚಿದ ದಿನ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತೆ. ಹನಿಯೂ ಬೂದು, ಹಿಂದಿನ ಆಕಾಶವೂ ಬೂದು. ಮೇಲಾಗಿ ಆ ಮಳೆಗೆ 'ಕಟ್' ಅಂದರೆ ನಿಲ್ಲುವುದು ಗೊತ್ತಿಲ್ಲ, ಎರಡನೇ ಟೇಕಿಗೆ ಮೊದಲಿನ ಹಾಗೇ ಬೀಳುವುದೂ ಗೊತ್ತಿಲ್ಲ.

ಯೋಚನೆ ಮಾಡಿದರೆ ಇದು ಮಲೆನಾಡಿನವರಿಗೆ ಗೊತ್ತಿರುವ ವಿಷಯವೇ. ರಾತ್ರಿ ಮಳೆ ಬರುವಾಗ ಬೀದಿ ದೀಪದ ಕೆಳಗೆ ಮಾತ್ರ ಮಳೆ ಸುರಿಯುತ್ತಿದೆ ಅನ್ನಿಸುತ್ತೆ. ಘಾಟಿಯಲ್ಲಿ ಎದುರಿನಿಂದ ಲಾರಿ ಬಂದಾಗ ಅದರ ಹೆಡ್‌ಲೈಟಿನಲ್ಲಿ ಇದ್ದಕ್ಕಿದ್ದ ಹಾಗೆ ಮಳೆ ದಟ್ಟವಾಗುತ್ತೆ, ಲಾರಿ ದಾಟಿದ ಕೂಡಲೇ ತೆಳುವಾಗುತ್ತೆ. ಮಳೆ ಬದಲಾಗಿರಲ್ಲ, ಬೆಳಕು ಬಂದ ದಿಕ್ಕು ಬದಲಾಗಿರುತ್ತೆ. ಹಳೇ ಮನೆಯ ಅಡುಗೆಮನೆಯಲ್ಲಿ ಗಾಜಿನ ಹೆಂಚಿನಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತಿತ್ತಲ್ಲ, ಅದು ಒಲೆ ಹೊಗೆ ಇದ್ದಾಗ ಮಾತ್ರ ಕಾಣುತ್ತಿತ್ತು. ಸಿನಿಮಾದವರು ಸೆಟ್ಟಿನಲ್ಲಿ ಸುಮ್ನೆ ಹೊಗೆ ಬಿಡುವುದಿಲ್ಲ. ಗಾಳಿಯಲ್ಲಿ ತೇಲುವ ಕಣಗಳು ಬೆಳಕನ್ನು ಚೆದುರಿಸಿ ಕಣ್ಣಿನ ಕಡೆ ಕಳಿಸದಿದ್ದರೆ ಬೆಳಕಿನ ಕೋಲು ಅನ್ನೋದು ಕಾಣುವುದೇ ಇಲ್ಲ.

ಮನೆಗೆ ಬಂದ ಮೇಲೆ ಅಕ್ಕನ ಮಗಳಿಗೆ ಇದನ್ನು ತೋರಿಸಿದೆ. ರಾತ್ರಿ, ಒಳ್ಳೆ ಮಳೆ. ನಾನು ಜಗಲಿಯಲ್ಲಿ ಅವಳ ಪಕ್ಕ ನಿಂತು ಅಂಗಳಕ್ಕೆ ಟಾರ್ಚ್ ಬಿಟ್ಟೆ. ಮಳೆ ಮಬ್ಬಾಗಿ ಕಂಡಿತು. ಆಮೇಲೆ ಕೊಡೆ ಹಿಡಿದು ಅಂಗಳ ದಾಟಿ, ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು, ಅದೇ ಟಾರ್ಚನ್ನು ಅವಳ ಕಡೆ ತಿರುಗಿಸಿದೆ. "ಚಿಕ್ಕೀ! ಬೆಳ್ಳಿ ತಂತಿ!" ಅಂತ ಕೂಗಿದಳು. ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಫಿಲ್ಮ್ ಸಿಟಿಯಲ್ಲಿ ಜನರನ್ನೇ ಕರೆದು ಒಂದು ದೃಶ್ಯ ಮಾಡಿ ತೋರಿಸುವ ಆಟವೂ ಇದೆ. ನಿಂತಲ್ಲೇ ನಿಂತ ಗಾಡಿಯನ್ನು ಅಲುಗಾಡಿಸಿ, ಪರದೆಯಲ್ಲಿ ಅದು ಓಡುವ ಹಾಗೆ ಮಾಡುತ್ತಾರೆ. ಹಿಂದಿನ ಹಸಿರು ಬಟ್ಟೆಯ ಜಾಗಕ್ಕೆ ಬೇರೆ ಚಿತ್ರ ಬರುತ್ತೆ, ಇದು ಈಗ ಎಲ್ಲರಿಗೂ ಗೊತ್ತು. ಹಸಿರೇ ಯಾಕೆ ಅಂದರೆ ಮನುಷ್ಯರ ಚರ್ಮದ ಬಣ್ಣದಿಂದ ಅದು ದೂರ. ಜೊತೆಗೆ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳ ಸೆನ್ಸರಿನಲ್ಲಿ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರಿಗೇ ಮೀಸಲು, ಕೆಂಪು ಮತ್ತು ನೀಲಿಗೆ ಒಂದೊಂದು. ಮುಂದೆ ಗಿಡಮರ ಇರುವ ದೃಶ್ಯವಾದರೆ ನೀಲಿ ಬಟ್ಟೆ ಕಟ್ಟುತ್ತಾರೆ, ಇಲ್ಲದಿದ್ದರೆ ಎಲೆಗಳೂ ಮಾಯವಾಗುತ್ತವೆ.

ನನಗೆ ಅದಕ್ಕಿಂತ ಇಷ್ಟವಾಗುವುದು ಹೀರೋ ಹಾರಿ ಒಡೆಯುವ ಕಿಟಕಿ ಗಾಜಿನ ಕಥೆ. ಹಿಂದಿನಿಂದಲೂ ಅದನ್ನು ಮಾಡುತ್ತಿದ್ದದ್ದು ಸಕ್ಕರೆಯಿಂದ, ಈಗ ಜಾಸ್ತಿ ರೆಸಿನ್ ಬಳಸುತ್ತಾರೆ. ಸಂಕ್ರಾಂತಿಗೆ ಅಮ್ಮ ಚಿಕ್ಕಿ ಮಾಡುವಾಗ ಪಾಕ ಬಂತಾ ಅಂತ ನೋಡಲು ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಗಟ್ಟಿಯಾದದ್ದನ್ನು ಬಟ್ಟಲಿನ ಅಂಚಿಗೆ ತಟ್ಟುತ್ತಾರೆ. ಟಣ್ ಅಂದರೆ ಇಳಿಸು. ಆ ಟಣ್ ಅನ್ನುವ ಚೂರು ನಿಜಕ್ಕೂ ಒಂದು ಗಾಜು! ಸಕ್ಕರೆ ಪಾಕ ಸುಮಾರು 150 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರಲ್ಲಿ ನೀರು ಹೆಚ್ಚೇನೂ ಉಳಿದಿರಲ್ಲ. ಬೇಗ ತಣ್ಣಗಾದರೆ ಅಣುಗಳಿಗೆ ಸಾಲಾಗಿ ಕೂತು ಹರಳಾಗುವಷ್ಟು ಪುರಸೊತ್ತು ಸಿಗಲ್ಲ, ಎಲ್ಲಿದ್ದವೋ ಅಲ್ಲೇ ಹೆಪ್ಪುಗಟ್ಟುತ್ತವೆ. ಕಿಟಕಿ ಗಾಜಿನೊಳಗೂ ಹೀಗೇ ಅಣುಗಳಿಗೆ ಸಾಲಿಲ್ಲ. ಪಾಕಕ್ಕೆ ಎರಡು ಹನಿ ನಿಂಬೆರಸ ಹಿಂಡುತ್ತೇವಲ್ಲ, ಅದೂ ಹರಳು ಕಟ್ಟಬಾರದು ಅಂತಲೇ. ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೆಯುತ್ತೆ, ಬೇರೆ ಬೇರೆ ಆಕಾರದ ಅಣುಗಳು ಮಧ್ಯೆ ಸೇರಿದರೆ ಸಾಲು ಕಟ್ಟೋಕೆ ಆಗಲ್ಲ. ಇಂಥ ಗಾಜಿನ ಶತ್ರು ತೇವ. ಗಾಳಿಯಲ್ಲಿರುವ ನೀರನ್ನು ಎಳೆದುಕೊಂಡು ಅಂಟಂಟಾಗುತ್ತೆ. ಮಳೆಗಾಲದಲ್ಲಿ ಚಿಕ್ಕಿ ಡಬ್ಬದ ಮುಚ್ಚಳ ತೆರೆದಿಟ್ಟ ಯಾರಿಗೇ ಆದರೂ ಇದು ಗೊತ್ತು. ನಮ್ಮೂರಿನ ಆಷಾಢದಲ್ಲಿ ಸಕ್ಕರೆ ಕಿಟಕಿ ಇಟ್ಟು ಶೂಟಿಂಗ್ ಮಾಡುವುದು ಕಷ್ಟದ ಕೆಲಸ.

ಪುಟ್ಟ ಮಾದರಿ ಕಟ್ಟಿ ದೊಡ್ಡದೆಂದು ನಂಬಿಸುವುದರಲ್ಲೂ ಒಂದು ಚೆಂದದ ಲೆಕ್ಕ ಇದೆ. 16 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು 1.8 ಸೆಕೆಂಡ್ ಬೇಕು. 1 ಮೀಟರಿನಿಂದ ಬಿದ್ದರೆ 0.45 ಸೆಕೆಂಡ್. ಎತ್ತರ 16 ಪಟ್ಟು ಕಮ್ಮಿಯಾದರೆ ಸಮಯ 4 ಪಟ್ಟು ಮಾತ್ರ ಕಮ್ಮಿ. ಹಾಗಾಗಿ 16ನೇ ಒಂದು ಪಾಲು ಅಳತೆಯ ಮನೆಯನ್ನು ಬೀಳಿಸುವಾಗ ಸೆಕೆಂಡಿಗೆ 96 ಚಿತ್ರ ತೆಗೆದು 24ರ ಲೆಕ್ಕದಲ್ಲಿ ಓಡಿಸಿದರೆ, ಇಟ್ಟಿಗೆಗಳು ದೊಡ್ಡ ಮನೆಯ ಇಟ್ಟಿಗೆಗಳ ಹಾಗೇ ಬೀಳುತ್ತವೆ. ಆದರೆ ನೀರು ಈ ಮಾತಿಗೆ ಬಗ್ಗಲ್ಲ. ಮನೆ ಚಿಕ್ಕದಾಯಿತು ಅಂತ ಹನಿ ಚಿಕ್ಕದಾಗಲ್ಲ. 5 ಮಿಲಿಮೀಟರ್ ಹನಿ ಆ ಮಾದರಿಯ ಪಕ್ಕದಲ್ಲಿ 8 ಸೆಂಟಿಮೀಟರ್ ಚೆಂಡಾಗಿ, ಕಿತ್ತಳೆ ಹಣ್ಣಿನ ಗಾತ್ರಕ್ಕೆ ಕಾಣುತ್ತೆ. ಹಳೇ ಸಿನಿಮಾಗಳ ಪ್ರವಾಹ, ಹಡಗಿನ ದೃಶ್ಯಗಳಲ್ಲಿ ಕಣ್ಣು ಮೊದಲು ಅನುಮಾನ ಪಡುವುದು ನೀರಿನ ಮೇಲೇ.

ಮಳೆ ಕಂಡಿತು, ಸರಿ. ಕೇಳಬೇಕಲ್ಲ? ಟ್ಯಾಂಕರಿನ ಪಂಪು ಗುರ್ ಅನ್ನುವಾಗ ಮಳೆಯ ಸದ್ದು ರೆಕಾರ್ಡ್ ಆಗುವುದು ಹೇಗೆ? ಆಗಲ್ಲ. ಸದ್ದನ್ನು ಆಮೇಲೆ ಬೇರೆಯಾಗಿ ಸೇರಿಸುತ್ತಾರೆ. ಹೆಜ್ಜೆ ಸದ್ದು, ಸೀರೆಯ ಸರಸರ, ಬಾಗಿಲ ಕಿರ್ರ್, ಇವನ್ನೆಲ್ಲ ಪರದೆ ನೋಡುತ್ತಾ ಒಬ್ಬರು ಕೈಯಿಂದ ಮಾಡುತ್ತಾರೆ. ಹಾಲಿವುಡ್ಡಿನಲ್ಲಿ ಈ ಕೆಲಸ ಬೆಳೆಸಿದ ಜ್ಯಾಕ್ ಫೋಲೆ ಅವರ ಹೆಸರೇ ಇದಕ್ಕೆ ಬಂದಿದೆ: ಫೋಲೆ. ಕುದುರೆ ಗೊರಸಿಗೆ ತೆಂಗಿನ ಕರಟ, ಗುಡುಗಿಗೆ ತೆಳು ತಗಡಿನ ಹಾಳೆ. ಗುಡುಗಿನ ವಿಷಯದಲ್ಲಿ ಮಾತ್ರ ಸಿನಿಮಾದವರು ಬೇಕಂತಲೇ ತಪ್ಪು ಮಾಡುತ್ತಾರೆ. ಮಿಂಚಿದ ಕ್ಷಣದಲ್ಲೇ ಗುಡುಗಿಸುತ್ತಾರೆ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು, ಮಿಂಚಿದ ಮೇಲೆ ಎಣಿಸಿ ಸಿಡಿಲು ಎಷ್ಟು ದೂರ ಅಂತ ಹೇಳುವ ನಮ್ಮ ಮಕ್ಕಳನ್ನು ಇವರು ಮೋಸ ಮಾಡೋಕೆ ಆಗಲ್ಲ.

ಮಳೆಗೆ ತನ್ನದೇ ಅಂತ ಸದ್ದು ಕಮ್ಮಿ. ಎಲ್ಲಿ ಬೀಳುತ್ತೋ ಅದರ ಸದ್ದು. ಹೆಂಚಿನ ಮೇಲೆ ಒಂದು, ತಗಡಿನ ಮೇಲೆ ಒಂದು, ಬಾಳೆ ಎಲೆ ಮೇಲೆ ಒಂದು, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ ಮೇಲೆ ಇನ್ನೊಂದು. ಮಲೆನಾಡಿನ ಮಳೆ ಅಂತ ತೋರಿಸಿ ಊರಿಗೊಂದೇ ಮಳೆ ಸದ್ದು ಹಾಕಿದಾಗ ನನಗೆ ನಿಜವಾಗಿ ಬೇಜಾರಾಗುತ್ತೆ. ಹೆಂಚಿನ ಮನೆಯೊಳಗೆ ಕೂತವರ ತಲೆ ಮೇಲೆ ಶೀಟ್ ಮನೆಯ ಮಳೆ ಬೀಳುತ್ತಿರುತ್ತೆ.

ನೀರಿನ ಮೇಲೆ ಬಿದ್ದ ಹನಿಯ ಕಥೆ ಎಲ್ಲಕ್ಕಿಂತ ವಿಚಿತ್ರ. ಸೋರುವ ಮಾಡಿನ ಕೆಳಗಿಟ್ಟ ಬಕೆಟ್ಟಿನಲ್ಲಿ ಟಿಣ್, ಟಿಣ್ ಅನ್ನುತ್ತೆ ನೋಡಿ, ಅದು ಹನಿ ನೀರಿಗೆ ಹೊಡೆದ ಸದ್ದಲ್ಲ. ಹೊಡೆತ ಹೆಚ್ಚುಕಮ್ಮಿ ಮೌನ. ಹನಿ ಬಿದ್ದಾಗ ನೀರಿನಲ್ಲಿ ಸಣ್ಣ ಗುಂಡಿಯಾಗುತ್ತೆ, ಗುಂಡಿ ಮುಚ್ಚಿಕೊಳ್ಳುವಾಗ ಅದರ ಅಡಿಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತೆ. ಆ ಗುಳ್ಳೆ ನಡುಗಿ ಮೇಲಿನ ನೀರನ್ನೂ ನಡುಗಿಸುತ್ತೆ, ನಮಗೆ ಕೇಳುವುದು ಅದು. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಹೈಸ್ಪೀಡ್ ಕ್ಯಾಮೆರಾ ಮತ್ತು ಮೈಕ್ ಇಟ್ಟು ಇದನ್ನು ಬಿಡಿಸಿ ನೋಡಿದರು. ಆ ಸದ್ದು ನಿಲ್ಲಿಸುವ ಉಪಾಯವನ್ನೂ ಹೇಳಿದರು: ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ. ನೀರಿನ ಮೇಲ್ಮೈ ಬಿಗಿತ ಕಮ್ಮಿಯಾಗಿ ಆ ಸದ್ದು ನಿಂತುಹೋಗುತ್ತೆ.

ಮೊನ್ನೆ ಆರಿದ್ರಾ ಮಳೆಗೆ ಅಕ್ಕನ ಮನೆಯ ನಡುಮನೆಯಲ್ಲಿ ಒಂದು ಹೆಂಚು ಜರುಗಿ ಸೋರುತ್ತಿತ್ತು. ಬಕೆಟ್ ಇಟ್ಟು ಮಲಗಿದ್ದೆವು. ಟಿಣ್. ಟಿಣ್. ಅಕ್ಕನ ಮಗಳು ಕತ್ತಲಲ್ಲೇ ಎದ್ದು ಹೋಗಿ ಸೋಪಿನ ಬಾಟಲಿ ತಂದಳು, ಎರಡು ಹನಿ ಬಿಟ್ಟು ಕೈಯಿಂದ ಕದಡಿದಳು. ಇಬ್ಬರೂ ಉಸಿರು ಹಿಡಿದು ಕೂತೆವು. ಮಾಡಿನಿಂದ ಹನಿ ಬೀಳುತ್ತಲೇ ಇತ್ತು, ಬಕೆಟ್ ಸುಮ್ಮನಿತ್ತು. ಈಗ ಹೆಂಚಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು.