ಸೌಂಡ್‌ಸ್ಕೇಪ್ ಅಂದ್ರೆ ಮಳೆ ಸದ್ದಿನ ವಿಡಿಯೋ ಅಲ್ಲ

ಯೂಟ್ಯೂಬಲ್ಲಿ ‘ಮಲೆನಾಡ ಮಳೆ ಸೌಂಡ್‌ಸ್ಕೇಪ್, ನಿದ್ದೆಗೆ’, ರೆಸಾರ್ಟ್ ಜಾಹೀರಾತಲ್ಲಿ ‘ನ್ಯಾಚುರಲ್ ಸೌಂಡ್‌ಸ್ಕೇಪ್ ಇರೋ ಕಾಟೇಜ್’, ಇಷ್ಟಾಗಿದ್ರೆ ಸುಮ್ನಿರ್ತಿದ್ದೆ. ಮೊನ್ನೆ ಒಂದು ಧ್ಯಾನದ ಆ್ಯಪ್‌ನೋರು ‘ಊರಿನ ಗದ್ದಲದಿಂದ ಪಾರಾಗೋಕೆ ಸೌಂಡ್‌ಸ್ಕೇಪ್’ ಅಂತ ಹಾಕಿದ್ರು. ಇದು ಪೂರ್ತಿ ಉಲ್ಟಾ. ಸೌಂಡ್‌ಸ್ಕೇಪ್ ಅಂದ್ರೆ ಒಂದು ಜಾಗದಲ್ಲಿ ಕೇಳಿಸೋ ಎಲ್ಲ ಸದ್ದು, ಅದನ್ನ ಅಲ್ಲಿನ ಜನ ಕೇಳೋ ರೀತಿ. ಊರಿನ ಗದ್ದಲವನ್ನ ಗಮನ ಕೊಟ್ಟು ಕೇಳೋಕೆ ಅಂತಲೇ ಬಳಕೆಗೆ ಬಂದ ಪದ ಅದು.

ಮೊದಲು ಆ ‘ಸ್ಕೇಪ್’ ವಿಷಯ ಮುಗಿಸೋಣ, ಯಾಕಂದ್ರೆ ಗೊಂದಲದ ಬೇರು ಅಲ್ಲೇ ಇರೋದು. ನಾವು ದಿನಾ ‘ಬಿಲ್ ಬರೋಷ್ಟರಲ್ಲಿ ಎಸ್ಕೇಪ್ ಆದ’ ಅಂತೀವಲ್ಲ, ಆ ಎಸ್ಕೇಪಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಎಸ್ಕೇಪ್ ಫ್ರೆಂಚಿನ ದಾರಿಯಲ್ಲಿ ಬಂದಿದ್ದು, ಅದರ ಹಿಂದಿರೋದು ಲ್ಯಾಟಿನ್ನಿನ ‘ಕಪ್ಪ’, ಅಂದ್ರೆ ಮೇಲುಹೊದಿಕೆ, ಹಿಡಿಯೋಕೆ ಬಂದೋನ ಕೈಲಿ ಹೊದಿಕೆ ಬಿಟ್ಟು ಓಡಿಹೋಗೋದು. ಸೌಂಡ್‌ಸ್ಕೇಪಿನ ಸ್ಕೇಪ್ ಲ್ಯಾಂಡ್‌ಸ್ಕೇಪಿಂದ ಕತ್ತರಿಸಿಕೊಂಡಿದ್ದು. ಲ್ಯಾಂಡ್‌ಸ್ಕೇಪ್ ಇಂಗ್ಲಿಷಿಗೆ ಬಂದಿದ್ದು 16ನೇ ಶತಮಾನದ ಕೊನೇಲಿ, ಡಚ್ಚರ ‘ಲಾಂಡ್‌ಸ್ಖಾಪ್’ನಿಂದ, ಅದೂ ಚಿತ್ರಕಾರರ ಕಸುಬಿನ ಮಾತಾಗಿ. ಡಚ್ಚಲ್ಲಿ ‘ಸ್ಖಾಪ್’ ಒಂದು ಪ್ರತ್ಯಯ ಅಷ್ಟೇ, ಫ್ರೆಂಡ್‌ಶಿಪ್‌ನಲ್ಲಿರೋ ‘ಶಿಪ್’ ಅದರ ದಾಯಾದಿ, ನಮ್ಮ ಗೆಳೆತನದ ‘ತನ’ ಮಾಡೋ ಕೆಲಸವನ್ನೇ ಅದೂ ಮಾಡೋದು. ಮೂಲದಲ್ಲಿ ಆ ಪದಕ್ಕೆ ಸೀಮೆ, ಪ್ರಾಂತ ಅನ್ನೋ ಅರ್ಥ ಇತ್ತು. ಇಂಗ್ಲಿಷಿಗೆ ಬರುವಾಗ ಸೀಮೆ ಹಿಂದೆ ಬಿದ್ದು ಚಿತ್ರ ಮುಂದೆ ಬಂತು, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕೋ ಚಿತ್ರ, ನೋಡೋನು ಅದರ ಹೊರಗೆ. ಸೌಂಡ್‌ಸ್ಕೇಪನ್ನೂ ಜನ ಹಂಗೇ ಹೊರಗೆ ನಿಂತು ಸವಿಯೋ ಸಾಮಾನು ಅಂದ್ಕೊಂಡಿದಾರೆ. ಸದ್ದಿನ ಹೊರಗೆ ನಿಂತು ಸದ್ದು ಕೇಳೋದು ಹೆಂಗೆ? ನಮ್ಮ ಹೆಜ್ಜೆ, ನಮ್ಮ ಕೆಮ್ಮು ಎಲ್ಲ ಅದರೊಳಗೇ ಇರುತ್ತೆ.

ಸಂಶೋಧನೆಯಲ್ಲಿ ಈ ಪದ ಬೆಳೆದ ರೀತಿ ನೋಡಿದ್ರೂ ಇದೇ ಕಾಣೋದು. 1969ರಲ್ಲಿ ಮೈಕಲ್ ಸೌತ್‌ವರ್ತ್ ಅನ್ನೋ ನಗರ ಯೋಜಕ ಬಾಸ್ಟನ್ ನಗರದ ಸದ್ದುಗಳ ಬಗ್ಗೆ ಬರೆದಾಗ ಈ ಪದ ಬಳಸಿದ್ರು, ಕೆಲವರಿಗೆ ಕಣ್ಣು ಕಟ್ಟಿ, ಕೆಲವರಿಗೆ ಕಿವಿ ಮುಚ್ಚಿ ಪೇಟೆ ಸುತ್ತಿಸಿ ಏನನ್ನಿಸ್ತು ಅಂತ ಕೇಳಿದ ಅಧ್ಯಯನ ಅದು. ಅದನ್ನ ದೊಡ್ಡದು ಮಾಡಿದ್ದು ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೆ ಶೇಫರ್. ಊರುಗಳ ಸದ್ದನ್ನ ಅಧ್ಯಯನ ಮಾಡೋಕೆ ಸೈಮನ್ ಫ್ರೇಸರ್ ಯೂನಿವರ್ಸಿಟಿಯಲ್ಲಿ ವರ್ಲ್ಡ್ ಸೌಂಡ್‌ಸ್ಕೇಪ್ ಪ್ರಾಜೆಕ್ಟ್ ಅಂತ ಕಟ್ಟಿದ್ರು, ತಂಡದಲ್ಲಿ ಸುಮಾರು ಜನ ಸಂಗೀತದೋರೇ. ಮೊದಲು ಕೆನಡಾದ್ದೇ ವ್ಯಾಂಕೂವರ್ ನಗರ, ಆಮೇಲೆ 1975ರಲ್ಲಿ ಯೂರೋಪಿಗೆ ಹೋಗಿ ಸ್ವೀಡನ್, ಜರ್ಮನಿ, ಇಟಲಿ, ಫ್ರಾನ್ಸ್, ಸ್ಕಾಟ್ಲೆಂಡಲ್ಲಿ ಒಂದೊಂದರಂತೆ 5 ಹಳ್ಳಿ. ಅಲ್ಲಿ ಅವರು ಹಕ್ಕಿ ಕೂಗು ಹುಡುಕ್ಕೊಂಡು ಕೂತಿರ್ಲಿಲ್ಲ. ಚರ್ಚ್ ಗಂಟೆ ರೆಕಾರ್ಡ್ ಮಾಡಿದ್ರು, ರಸ್ತೇಲಿ ಎಷ್ಟು ಗಾಡಿ ಹೋಗುತ್ತೆ ಅಂತ ಎಣಿಸಿದ್ರು, ಶಾಲೆ ಮಕ್ಕಳಿಗೆ ಯಾವ ಸದ್ದು ಇಷ್ಟ ಯಾವುದು ಆಗಲ್ಲ ಅಂತ ಕೇಳಿದ್ರು. 2000ದಲ್ಲಿ ಫಿನ್ಲೆಂಡಿನ ಸಂಶೋಧಕರು ಅದೇ 5 ಹಳ್ಳಿಗೆ ಮತ್ತೆ ಹೋದ್ರು, ತಮ್ಮ ದೇಶದ ಒಂದು ಹಳ್ಳಿಯನ್ನೂ ಸೇರಿಸ್ಕೊಂಡು, 25 ವರ್ಷದಲ್ಲಿ ಏನು ಬದಲಾಯ್ತು ಅಂತ ನೋಡೋಕೆ.

ಶೇಫರ್ ‘ಲ್ಯಾಂಡ್‌ಮಾರ್ಕ್’ ಮಾದರಿಯಲ್ಲೇ ‘ಸೌಂಡ್‌ಮಾರ್ಕ್’ ಅಂತ ಇನ್ನೊಂದು ಪದ ಮಾಡಿದ್ರು, ಆ ಊರಿನ ಜನ ವಿಶೇಷವಾಗಿ ಗಮನಿಸೋ, ಬೆಲೆ ಕೊಡೋ ಸದ್ದು. ವ್ಯಾಂಕೂವರ್‌ನಲ್ಲಿ ದಿನಾ ರಾತ್ರಿ 9ಕ್ಕೆ ಹಾರಿಸೋ ಫಿರಂಗಿ ಅಂಥದ್ದು. ಫಿರಂಗಿ! ಅದನ್ನ ಯಾವ ಸ್ಪಾದಲ್ಲೂ ಹಾಕಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಮಾನವಶಾಸ್ತ್ರಜ್ಞ ಸ್ಟೀವನ್ ಫೆಲ್ಡ್ ಕೆಲಸ. 1970ರ ದಶಕದಲ್ಲಿ ಅವರು ಪಪುವಾ ನ್ಯೂಗಿನಿಯ ಬೊಸಾವಿ ಕಾಡಿಗೆ ಹೋಗಿ ಕಲುಲಿ ಜನರ ಹಾಡಿನ ಬಗ್ಗೆ ಕೆಲಸ ಶುರು ಮಾಡಿದ್ರು. ಆಗ ಕಲುಲಿ ಜನ ಹಕ್ಕಿಗಳಲ್ಲಿ ತಮ್ಮ ಸತ್ತವರ ದನಿ ಕೇಳ್ತಿದ್ರು, ಅವರ ಹಾಡಲ್ಲಿ ತೊರೆ, ಗುಡ್ಡ, ದಾರಿಗಳ ಹೆಸರು ಒಂದರ ಹಿಂದೆ ಒಂದು ಬರ್ತಾ ಹೋಗ್ತಿತ್ತು, ಕೇಳೋನು ಕೂತಲ್ಲೇ ಆ ದಾರೀಲಿ ನಡೆದು ತೀರಿಹೋದವರ ಜಾಗಕ್ಕೆ ಮುಟ್ಟಿ ಅತ್ತುಬಿಡ್ತಿದ್ದ. ಕೆಲಸ ಮಾಡ್ತಾ ಹಾಡುವಾಗ ತೊರೆ ಸದ್ದಿನ ಜೊತೆ, ಜೀರುಂಡೆ ಜೊತೆ ದನಿ ಸೇರಿಸಿ ಹಾಡ್ತಿದ್ರು. ಇಲ್ಲಿ ಕಾಡಿನ ಸದ್ದು ಯಾವುದು, ಸಂಗೀತ ಯಾವುದು ಅಂತ ಗೆರೆ ಎಳೆಯೋದು ಎಲ್ಲಿ? ಸಂಗೀತ ಮತ್ತು ಪರಿಸರವನ್ನ ಒಟ್ಟಿಗೆ ಓದೋ ಇಕೋಮ್ಯೂಸಿಕಾಲಜಿ ಅನ್ನೋ ಶಾಖೆ ಕೇಳೋದು ಇಂಥ ಪ್ರಶ್ನೆಗಳನ್ನೇ, ಅದನ್ನೂ ‘ಮರ ಉಳಿಸಿ’ ಅಂತ ಹಾಡು ಬರೆಯೋದು ಅಂದ್ಕೊಂಡಿರೋರು ಇದಾರೆ.

1991ರಲ್ಲಿ ಫೆಲ್ಡ್ ಬೊಸಾವಿಯ ಒಂದು ದಿನವನ್ನ ಒಂದು ಗಂಟೆಯ ಆಲ್ಬಮ್ ಮಾಡಿದ್ರು. ಅದರಲ್ಲಿ ಹೆಲಿಕಾಪ್ಟರ್ ಇಲ್ಲ, ರೇಡಿಯೋ ಇಲ್ಲ, ಚರ್ಚ್ ಗಂಟೆ ಇಲ್ಲ, ಆ ಹೊತ್ತಿಗೆ ಇವೆಲ್ಲ ಅಲ್ಲಿಗೆ ಬಂದಾಗಿತ್ತು. ಬಿಟ್ಟಿದೀನಿ ಅಂತ ಅವರೇ ಬರೆದು ಒಪ್ಪಿಕೊಂಡ್ರು, ಯಾಕೆ ಬಿಟ್ಟೆ ಅಂತಾನೂ ಚರ್ಚೆ ಮಾಡಿದ್ರು, ಆಲ್ಬಮ್ಮಿನ ಹಣವನ್ನ ಬೊಸಾವಿ ಜನರಿಗಾಗಿ ಒಂದು ನಿಧಿ ಮಾಡಿ ಕೊಟ್ರು. ನಮ್ಮ ಮಲೆನಾಡ ಮಳೆ ವಿಡಿಯೋದೋರು ಏನೇನು ಕತ್ತರಿಸಿದಾರೆ ಅಂತ ಎಲ್ಲೂ ಹೇಳಲ್ಲ. ಹಂಚಿನ ಮೇಲೆ ಬೀಳೋ ಮಳೆ ಇರುತ್ತೆ, ಹಂಚಿನ ಕೆಳಗಿರೋ ಮನೆ ಇರಲ್ಲ. ಗದ್ದೇಲಿ ನಾಟಿ ಹಾಡು ಇಲ್ಲ, ಟಿಲ್ಲರ್ ಇಲ್ಲ, ಬಸ್ಸಿನ ಹಾರ್ನ್ ಇಲ್ಲ. ಅದನ್ನ ಮಳೆ ರೆಕಾರ್ಡಿಂಗ್ ಅನ್ನಿ, ಚೆನ್ನಾಗಿರುತ್ತೆ, ನಿದ್ದೆನೂ ಬರುತ್ತೆ.

ಅಂತಾರಾಷ್ಟ್ರೀಯ ಮಾನದಂಡಗಳನ್ನ ಮಾಡೋ ಐಎಸ್‌ಒ ಸಂಸ್ಥೆ 2014ರಲ್ಲಿ 12913-1 ಅನ್ನೋ ಮಾನದಂಡದಲ್ಲಿ ಸೌಂಡ್‌ಸ್ಕೇಪಿಗೆ ವ್ಯಾಖ್ಯೆ ಕೊಟ್ಟಾಗಲೂ, ಒಂದು ಜಾಗದ ಸದ್ದುಗಳನ್ನ ಜನ ಆ ಸಂದರ್ಭದಲ್ಲಿ ಹೆಂಗೆ ಅನುಭವಿಸ್ತಾರೆ, ಅರ್ಥ ಮಾಡ್ಕೋತಾರೆ ಅನ್ನೋದನ್ನೇ ಹಿಡಿದ್ರು. ಡೆಸಿಬೆಲ್ ಮೀಟರ್ ಒಂದೇ ಇಟ್ಕೊಂಡು ಹೋದ್ರೆ ಸಾಲಲ್ಲ, ಅಲ್ಲಿರೋರನ್ನ ಕೇಳ್ಬೇಕು.

ಜೀವಶಾಸ್ತ್ರದೋರ ಬಳಕೆ ಮಾತ್ರ ಬೇರೆ. ಅವರಿಗೆ ಕೇಳೋ ಮನುಷ್ಯ ಬೇಕಿಲ್ಲ, ಕಾಡಲ್ಲಿ ರೆಕಾರ್ಡರ್ ಕಟ್ಟಿ ತಿಂಗಳುಗಟ್ಟಲೆ ಬಿಟ್ರೂ ಅದು ಸೌಂಡ್‌ಸ್ಕೇಪೇ. ಆದ್ರೆ ಅಲ್ಲೂ ಕಾಡಿನ ಸದ್ದು ರೆಕಾರ್ಡ್ ಮಾಡೋ ಬರ್ನಿ ಕ್ರೌಸ್ ಅನ್ನೋರು ಮಾಡಿದ ವಿಂಗಡಣೆ ಪ್ರಕಾರ 3 ಭಾಗ ಇರುತ್ತೆ: ಪ್ರಾಣಿ-ಪಕ್ಷಿಗಳ ಬಯೋಫೊನಿ, ಗಾಳಿ-ನೀರಿನ ಜಿಯೋಫೊನಿ, ಮನುಷ್ಯರ ಆಂಥ್ರೊಫೊನಿ. ರೆಸಾರ್ಟಿನ ಜನರೇಟರ್ ಬರೋದು ಮೂರನೇದರಲ್ಲಿ.