ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ?

ಪ್ರಶ್ನೆ: ಬೆಂಗಳೂರಿನ ವಿಸ್ತೀರ್ಣ ಒಂದು ಕಡೆ ಸುಮಾರು 710 ಚದರ ಕಿಲೋಮೀಟರ್, ಇನ್ನೊಂದು ಕಡೆ 1,300, ಮತ್ತೊಂದು ಕಡೆ 8,000 ಎಂದಿದೆ. ಯಾವುದು ಸರಿ?

ಉತ್ತರ: ಮೂರೂ ಸರಿ, ಆದರೆ ಮೂರೂ ಒಂದೇ ಪ್ರದೇಶದ ಅಳತೆಗಳಲ್ಲ. ಮೊದಲನೆಯದು 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ರಚಿಸಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ವ್ಯಾಪ್ತಿ, ಅಂದರೆ ಆಸ್ತಿ ತೆರಿಗೆ ವಸೂಲು ಮಾಡುವ, ಕಸ ಎತ್ತಿಸುವ ಹೊಣೆಯ ಗಡಿ. 2025ರ ಸೆಪ್ಟೆಂಬರ್‌ನಲ್ಲಿ ಈ ಪ್ರದೇಶ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಎರಡನೆಯದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮಾಸ್ಟರ್ ಪ್ಲಾನ್ ರೂಪಿಸಿದ ಯೋಜನಾ ಪ್ರದೇಶ. ಮೂರನೆಯದು 1985ರ ಕಾಯ್ದೆಯಡಿ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಎಂಆರ್‌ಡಿಎ) ವಹಿಸಿದ ಪ್ರದೇಶ. ಮಾಗಡಿ, ಕನಕಪುರಗಳ ರಾಗಿ ಹೊಲಗಳೂ ಇದರೊಳಗೇ ಬರುತ್ತವೆ.

ಜನಗಣತಿಯವರ ಲೆಕ್ಕ ಬೇರೆ. ಅವರು ಒಂದಕ್ಕೊಂದು ಹೊಂದಿಕೊಂಡು ಬೆಳೆದ ಪಟ್ಟಣಗಳನ್ನು ಒಂದೇ ನಗರ ಸಮೂಹವೆಂದು ಎಣಿಸುತ್ತಾರೆ; 2011ರಲ್ಲಿ ಬೆಂಗಳೂರು ಸಮೂಹದ ಜನಸಂಖ್ಯೆ ಸುಮಾರು 85 ಲಕ್ಷವಿತ್ತು.

ಇನ್ನು ಸಂವಿಧಾನ. 74ನೇ ತಿದ್ದುಪಡಿ ತಂದ 243ಪಿ ವಿಧಿಯ ಪ್ರಕಾರ, 10 ಲಕ್ಷ ಅಥವಾ ಹೆಚ್ಚು ಜನರಿರುವ, ಎರಡು ಅಥವಾ ಹೆಚ್ಚು ನಗರಸಭೆ, ಪಂಚಾಯಿತಿಗಳನ್ನೋ ಹೊಂದಿಕೊಂಡ ಇತರ ಪ್ರದೇಶಗಳನ್ನೋ ಒಳಗೊಂಡು ರಾಜ್ಯಪಾಲರ ಅಧಿಸೂಚನೆಯಲ್ಲಿ ಹೆಸರಿಸಲ್ಪಟ್ಟ ಪ್ರದೇಶವೇ ಮಹಾನಗರ ಪ್ರದೇಶ. ಜನರು ದಿನವೂ ಎಲ್ಲಿಂದ ಎಲ್ಲಿಗೆ ದುಡಿಯಲು ಹೋಗುತ್ತಾರೆ ಎಂಬುದನ್ನು ಇಲ್ಲಿ ಯಾರೂ ಕೇಳಿಲ್ಲ. ಅಮೆರಿಕದಲ್ಲಾದರೆ ಹೊರಗಿನ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥ ಘಟಕ) ದುಡಿಯುವವರಲ್ಲಿ ಕನಿಷ್ಠ ಶೇ 25 ಮಂದಿ ಕೇಂದ್ರ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಅದು ಮಹಾನಗರದೊಳಗೆ ಸೇರುತ್ತದೆ. ಅಂಥ ಅಳತೆಗೋಲು ನಮ್ಮಲ್ಲಿ ಇಲ್ಲದ್ದರಿಂದ ಗಡಿ ಎಳೆಯುವ ಕೆಲಸ ಬಹುಪಾಲು ಸರ್ಕಾರದ ಇಚ್ಛೆಗೆ ಬಿದ್ದಿದೆ ಎಂಬುದು ನನ್ನ ಅಭಿಪ್ರಾಯ. ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ: ಗಡಿ ಹಿಗ್ಗಿದಲ್ಲಿ ಪಂಚಾಯಿತಿ ಕರಗುತ್ತದೆ, ತೆರಿಗೆಯ ದರ ಬದಲಾಗುತ್ತದೆ, ಕಟ್ಟಡ ನಕ್ಷೆಗೆ ಮಂಜೂರಾತಿ ಕೊಡುವವರು ಬೇರೆಯಾಗುತ್ತಾರೆ, ಕಾವೇರಿ ನೀರು ಮಾತ್ರ ಬಹಳ ತಡವಾಗಿ ಬರುತ್ತದೆ.

ಹೊಸೂರು ಇದಕ್ಕೆ ಒಳ್ಳೆಯ ಉದಾಹರಣೆ. ಅತ್ತಿಬೆಲೆ ದಾಟಿದರೆ ಸಿಗುವ ಆ ಊರಿನಿಂದ ದಿನವೂ ಎಲೆಕ್ಟ್ರಾನಿಕ್ ಸಿಟಿಗೆ ಬಂದು ಹೋಗುವವರಿದ್ದರೂ ಅದು ತಮಿಳುನಾಡಿನದಾದ್ದರಿಂದ ಮೇಲಿನ ಮೂರು ಲೆಕ್ಕಗಳಲ್ಲಿ ಒಂದರಲ್ಲೂ ಇಲ್ಲ. ರಾಜ್ಯದ ಗಡಿ ದಾಟಿ ಯೋಜನೆ ಮಾಡಲು ಸಂಸತ್ತಿನ ಕಾಯ್ದೆ ಬೇಕಾಗುತ್ತದೆ. ದೆಹಲಿಗೆ 1985ರಲ್ಲಿ ಅಂಥದೊಂದು ಸಿಕ್ಕಿತು. ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳ ಜಿಲ್ಲೆಗಳೂ ಸೇರಿರುವ, ಆ ಕಾಯ್ದೆಯಡಿ ರೂಪುಗೊಂಡ ರಾಷ್ಟ್ರ ರಾಜಧಾನಿ ಪ್ರದೇಶದೊಳಕ್ಕೆ ತಮ್ಮ ಜಿಲ್ಲೆಗಳನ್ನು ಸೇರಿಸಿರೆಂದು ರಾಜ್ಯಗಳು ಮೊದಲು ಒತ್ತಾಯಿಸಿದವು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧ ಇಡೀ ಪ್ರದೇಶಕ್ಕೆ ಅನ್ವಯಿಸಿದ ಮೇಲೆ, ಕರ್ನಾಲ್‌ನಂಥ ದೂರದ ಜಿಲ್ಲೆಗಳನ್ನು ಕೈಬಿಡಿ ಎಂದು ಹರಿಯಾಣವೇ ಕೇಳಿತು.